ಅಪೆಂಡಿಕ್ಸ್ ‘ಒಡೆದಿದೆ’: ಒಂದೇ ಮಾತು, ಎರಡು ಸ್ಥಿತಿ

ಬಲ್ಲವರೇ, ರೋಗಿಗಳ ಕೈಗೆ ಕೊಡುವ ಪುಟ್ಟ ಮಾಹಿತಿಪತ್ರವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಅಪೆಂಡಿಕ್ಸ್’ ಹಾಗೆಯೇ ಇರಲಿ, ಅದರ ಬಗ್ಗೆ ತಕರಾರಿಲ್ಲ. ತೊಡಕಿರುವುದು ‘ಒಡೆದಿದೆ’ ಎಂಬಲ್ಲಿ.

ಕುರು ಒಡೆದರೆ ನಮಗೆ ಒಳ್ಳೆಯ ಸುದ್ದಿ: ಕೀವು ಹೊರಹೋಯಿತು, ನೋವು ಇಳಿಯಿತು. ಅಪೆಂಡಿಕ್ಸ್ ಒಡೆದಾಗಲೂ ಕೆಲವರಿಗೆ ಸ್ವಲ್ಪ ಹೊತ್ತು ನೋವು ಇಳಿಯುವುದುಂಟು. ಆದರೆ ಇಲ್ಲಿ ಕೀವು ಸೇರುವುದು ಹೊಟ್ಟೆಯೊಳಕ್ಕೆ. ಅದು ಹರಡಿ ಹೊಟ್ಟೆ ಹಲಗೆಯಂತೆ ಬಿಗಿದುಕೊಂಡರೆ ಕಾಯುವ ಪ್ರಶ್ನೆಯೇ ಇಲ್ಲ. ಡ್ರಿಪ್ ಹಾಕಿ, ಆಂಟಿಬಯೋಟಿಕ್ ಕೊಟ್ಟು, ಬೇಗನೆ ಶಸ್ತ್ರಚಿಕಿತ್ಸೆ ಮಾಡಬೇಕು.

ನಾಲ್ಕೈದು ದಿನ ನೋವು ನುಂಗಿಕೊಂಡು ಬಂದವರಲ್ಲಿ ಕೆಲವೊಮ್ಮೆ ಬೇರೆಯೇ ಚಿತ್ರ. ಸುತ್ತಲಿನ ಕರುಳು ಮತ್ತು ಕೊಬ್ಬಿನ ಪೊರೆ ಬಂದು ಅಂಟಿಕೊಂಡು, ಒಡೆದ ಜಾಗವನ್ನು ಮುಚ್ಚಿಬಿಟ್ಟಿರುತ್ತವೆ. ಅಂಥಲ್ಲಿ ಕತ್ತರಿ ಆಡಿಸಿದರೆ ಕರುಳಿಗೇ ಪೆಟ್ಟಾದೀತು. ರೋಗಿ ಗಟ್ಟಿಯಾಗಿದ್ದರೆ ಆಂಟಿಬಯೋಟಿಕ್ ಕೊಟ್ಟು, ಕೀವು ತುಂಬಿದ್ದರೆ ಸ್ಕ್ಯಾನ್ ನೋಡಿಕೊಂಡು ನಳಿಕೆ ಇಳಿಸಿ ಬಸಿಯುತ್ತಾರೆ. ಅಪೆಂಡಿಕ್ಸ್ ತೆಗೆಯುವುದಾದರೆ 6–8 ವಾರಗಳ ನಂತರ. ಎಲ್ಲರಿಗೂ ತೆಗೆಯಲೇಬೇಕೆಂಬ ನಿಯಮವೂ ಈಗಿಲ್ಲ. ಹೀಗೆ ಅಂಟಿಕೊಂಡು ಮುಚ್ಚಿರುವುದಕ್ಕೆ ವೈದ್ಯರು ‘ಗಡ್ಡೆ ಕಟ್ಟಿದೆ’ ಎನ್ನುತ್ತಾರೆ, ಕೇಳಿದವರು ಕ್ಯಾನ್ಸರ್ ಎಂದು ಹೌಹಾರುತ್ತಾರೆ.

‘ಒಡೆದು ಹರಡಿದೆ’, ‘ಒಡೆದು ಕಟ್ಟಿಕೊಂಡಿದೆ’ ಎಂದು ಬೇರ್ಪಡಿಸಿದರೆ ಓದುವವರಿಗೆ ತಿಳಿದೀತೇ?

ಇನ್ನೊಂದು, ವಾರಗಳ ನಂತರ ಅಪೆಂಡಿಕ್ಸ್ ತೆಗೆಯುವ ಆ ಶಸ್ತ್ರಚಿಕಿತ್ಸೆಯ ಹೆಸರು, ‘ಇಂಟರ್ವಲ್ ಅಪೆಂಡಿಸೆಕ್ಟಮಿ’. ಇಂಟರ್ವಲ್ ಎಂದರೆ ನಮ್ಮವರಿಗೆ ನೆನಪಾಗುವುದು ಚಿತ್ರಮಂದಿರ. ‘ತಡವಾದ’ ಎಂದರೆ ಯಾರೋ ತಪ್ಪು ಮಾಡಿದಂತೆ. ‘ಮುಂದೂಡಿದ’ ಎಂದರೆ ಹಾಸಿಗೆ ಸಿಗದೆ ವಾಪಸು ಕಳಿಸಿದಂತೆ. (1902ರಲ್ಲಿ ಅಪೆಂಡಿಕ್ಸ್ ಕೀವುಗಟ್ಟಿದ್ದ ಬ್ರಿಟನ್ನಿನ ದೊರೆ ಏಳನೆಯ ಎಡ್ವರ್ಡ್‌ನ ಪಟ್ಟಾಭಿಷೇಕವನ್ನು ಮುಂದೂಡಿದ್ದರು, ಶಸ್ತ್ರಚಿಕಿತ್ಸೆಯನ್ನಲ್ಲ. ಜೂನ್ 24ರಂದು ಸರ್ಜನ್ ಟ್ರೀವ್ಸ್ ಕೀವನ್ನಷ್ಟೇ ಬಸಿದು ಅಪೆಂಡಿಕ್ಸನ್ನು ಇದ್ದಲ್ಲೇ ಬಿಟ್ಟರು. ಆಗಸ್ಟ್ 9ಕ್ಕೆ ದೊರೆ ಕಿರೀಟ ತೊಟ್ಟ.)

ಸದ್ಯಕ್ಕೆ ‘ಬಾವು ಇಳಿದ ಮೇಲಿನ ಶಸ್ತ್ರಚಿಕಿತ್ಸೆ’ ಎಂದು ಬರೆದುಕೊಂಡಿದ್ದೇನೆ. ಉದ್ದವಾಯಿತು ನಿಜ, ಆದರೆ ಏಕೆ ಕಾಯಬೇಕೆಂಬುದು ಅದರಲ್ಲೇ ಇದೆ. ವಾರ್ಡುಗಳಲ್ಲಿ ಕೆಲಸ ಮಾಡುವ ದಾದಿಯರು, ವೈದ್ಯರು ರೋಗಿಯ ಮನೆಯವರಿಗೆ ಇದನ್ನು ಯಾವ ಮಾತಿನಲ್ಲಿ ಹೇಳುತ್ತೀರಿ? ಧಾರವಾಡ, ಕಲಬುರಗಿ ಕಡೆಯವರೂ ತಿಳಿಸಿದರೆ ಉಪಕಾರ.