ಅಪ್‌ಡೇಟ್: ಆಡಿಟ್ ಬಿಟ್ಟು ಡೀಲ್ ಕೆಲಸಕ್ಕೆ ಬಂದೆ

ಸಿಎ ಮುಗಿಸಿ ನಾಲ್ಕು ವರ್ಷ ಆಡಿಟ್‌ನಲ್ಲಿದ್ದೇನೆ, ಪ್ರೈವೇಟ್ ಈಕ್ವಿಟಿಗೆ (ಹೂಡಿಕೆದಾರರ ಹಣದಿಂದ ಕಂಪನಿಗಳನ್ನು ಕೊಂಡು ಮಾರುವ ಸಂಸ್ಥೆಗಳಿಗೆ) ಹೋಗಬಹುದಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ನೇರವಾಗಿ ಆಗಲಿಲ್ಲ. ಮೊದಲು ಡ್ಯೂ ಡಿಲಿಜೆನ್ಸ್ ತಂಡ (ಕಂಪನಿ ಕೊಳ್ಳುವ ಮುಂಚೆ ಅದರ ಲೆಕ್ಕ ಪರಿಶೀಲಿಸುವವರು) ಸೇರಿಕೊಳ್ಳಿ ಅಂತ ನಿಮ್ಮಲ್ಲಿ ಕೆಲವರು ಅಂದಿದ್ರಲ್ಲ, ಹಾಗೇ ಮಾಡಿದೆ. ಬೆಂಗಳೂರಿನಲ್ಲೇ, ಮೂರು ತಿಂಗಳಾಯ್ತು.

ಇಂಟರ್‌ವ್ಯೂನಲ್ಲಿ ಕೈಹಿಡಿದದ್ದು ಹಳೇ ಲೆಕ್ಕದ ವಿದ್ಯೆಯೇ. ಬಾಡಿಗೆ ಮಳಿಗೆಗಳಲ್ಲಿ ವ್ಯಾಪಾರ ನಡೆಸುವ ಕಂಪನಿಯೊಂದರ ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ) ಒಂದೇ ವರ್ಷದಲ್ಲಿ ಯಾಕೆ ಜಿಗಿಯಿತು ಅಂತ ಕೇಳಿದರು. ಇಂಡ್ ಎಎಸ್ 116, ಅಂದರೆ ಬಾಡಿಗೆ-ಗುತ್ತಿಗೆಯ ಲೆಕ್ಕ ಬರೆಯುವ ನಿಯಮ, ಅಂದೆ. 2019ರ ಏಪ್ರಿಲ್‌ನಿಂದ ಬಾಡಿಗೆಯ ಬಹುಪಾಲು ಸವಕಳಿ, ಬಡ್ಡಿಯ ಲೆಕ್ಕಕ್ಕೆ ಹೋಯಿತು, ಎಬಿಟ್ಡಾ ಉಬ್ಬಿತು; ಮಳಿಗೆ ಮಾಲೀಕರಿಗೆ ಕೊಡುವ ದುಡ್ಡು ಮಾತ್ರ ಮೊದಲಿನಷ್ಟೇ.

ವ್ಯಾಲ್ಯುಯೇಷನ್ ಮಾಡೆಲ್‌ನಲ್ಲಿ (ಕಂಪನಿಯ ಬೆಲೆ ಕಟ್ಟುವ ಲೆಕ್ಕದಲ್ಲಿ) ಎಡವಿದೆ. ಆಡಿಟ್‌ನಲ್ಲಿ ಮುಗಿದ ವರ್ಷ ನೋಡಿ ಅಭ್ಯಾಸ, ಅಲ್ಲಿ ಮುಂದಿನ ಐದು ವರ್ಷ ಅಂದಾಜು ಮಾಡಬೇಕು. ಈಗ ರಾತ್ರಿ ಊಟ ಆದಮೇಲೆ ಅದನ್ನೇ ಕಲಿಯುತ್ತಿದ್ದೇನೆ. ದಾರಿ ತೋರಿಸಿದವರಿಗೆಲ್ಲ ತುಂಬಾ ಥ್ಯಾಂಕ್ಸ್.