ಅಪ್‌ಡೇಟ್: ಎಸ್ಪ್ರೆಸೊ ಮೆಷಿನ್ ಒತ್ತಡ 13 ಬಾರ್‌ನಿಂದ 9ಕ್ಕೆ ಇಳಿಯಿತು

ಎಸ್ಪ್ರೆಸೊ ಮೆಷಿನ್‌ನಲ್ಲಿ ಒತ್ತಡ 9 ಬಾರ್ ಇರಬೇಕಾದಲ್ಲಿ 13 ತೋರಿಸುತ್ತಿದೆ, ಕಾಫಿ ಒಂದು ಕಡೆಯಿಂದ ಚಿಮ್ಮುತ್ತದೆ, ಪಂಪ್ ಕೆಟ್ಟಿದೆಯಾ ಅಂತ ಕೇಳಿದ್ದೆ. ಪಂಪ್ ಸರಿಯಾಗಿಯೇ ಇತ್ತು. ನನ್ನದು ವೈಬ್ರೇಷನ್ ಪಂಪ್, ಇಂಥವು 15 ಬಾರ್‌ವರೆಗೂ ಒತ್ತುತ್ತವೆ. ಅದನ್ನು ತಡೆಯಬೇಕಾದ ಓವರ್ ಪ್ರೆಷರ್ ವಾಲ್ವ್‌ನ ಸ್ಪ್ರಿಂಗ್ ಬಿಗಿಯಾಗಿತ್ತು, ಅಷ್ಟೇ.

ಪ್ಲಗ್ ತೆಗೆದು, ಬಾಯ್ಲರ್ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ಬಿಚ್ಚಿದೆ. ವಾಲ್ವ್‌ನ ಸ್ಕ್ರೂವನ್ನು ಸಡಿಲವಾಗುವ ಕಡೆಗೆ ಕಾಲು ಸುತ್ತು ತಿರುಗಿಸುವುದು, ಮುಚ್ಚಳ ಹಾಕಿ ಒತ್ತಡದ ಗೇಜ್ ನೋಡುವುದು, ಮತ್ತೆ ಬಿಚ್ಚುವುದು. ಮೂರು ಸಲ ಹೀಗೆ ಮಾಡಿದೆ. ಬೇಜಾರಿನ ಕೆಲಸ, ಆದರೆ ಒಂದೇ ಸಲ ಜಾಸ್ತಿ ತಿರುಗಿಸಿದರೆ ಎಲ್ಲಿದ್ದೆವು ಅಂತಲೇ ಗೊತ್ತಾಗುವುದಿಲ್ಲ ಅಲ್ವಾ?

ಒಂದು ವಿಷಯದಲ್ಲಿ ಎಡವಿದೆ. ಪುಡಿ ತುಂಬುವ ಬಾಸ್ಕೆಟ್ ಬದಲು ಪರೀಕ್ಷೆಗೆ ತೂತಿಲ್ಲದ ಬಾಸ್ಕೆಟ್ ಹಾಕಿ ಸರಿಯಾಗಿ 9ಕ್ಕೆ ನಿಲ್ಲಿಸಿದ್ದೆ. ಆಗ ನೀರು ಹೊರಗೆ ಹರಿಯುವುದಿಲ್ಲ, ಹಾಗಾಗಿ ಗೇಜ್ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ನಿಜವಾಗಿ ಪುಡಿ ಹಾಕಿ ಕಾಫಿ ಇಳಿಸಿದಾಗ 8ರ ಆಸುಪಾಸು ಬಂತು. ಈಗ ತೂತಿಲ್ಲದ ಬಾಸ್ಕೆಟ್‌ನ ಪರೀಕ್ಷೆಯಲ್ಲಿ 10 ಇಟ್ಟಿದ್ದೇನೆ, ಕಾಫಿ ಹಾಕಿದಾಗ 9 ಬರುತ್ತದೆ.

ಒತ್ತಡ ಇಳಿಸಿದ ಮೇಲೆ ಪುಡಿಯ ನುಣುಪನ್ನೂ ಮತ್ತೆ ಹೊಂದಿಸಬೇಕಾಯಿತು. 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, ಸುಮಾರು 28 ಸೆಕೆಂಡ್. ಚಿಮ್ಮುವುದು ಬಹುತೇಕ ನಿಂತಿದೆ, ಕಹಿಯೂ ಕಡಿಮೆ.

ವಾಲ್ವ್ ಬಾಯಲ್ಲಿ ಸುಣ್ಣದ ಬಿಳಿ ಪದರ ಕೂತಿತ್ತು, ಡಿಸ್ಕೇಲ್ ಮಾಡಿ ಅದನ್ನು ತೆಗೆದೆ. ಇದನ್ನು ಸ್ಕ್ರೂ ಮುಟ್ಟುವ ಮೊದಲೇ ಮಾಡಬೇಕಿತ್ತು. ಇನ್ನು ಮೇಲೆ ಗಡಸು ನೀರು ಹಾಕುವುದಿಲ್ಲ.