ಶನಿವಾರದ ಮ್ಯೂಸಿಯಂ: ಭಾವನಿಗೂ ದೊಡ್ಡಮ್ಮನಿಗೂ ಒಟ್ಟಿಗೆ ಉತ್ತರ

ಎಲ್ಲರಿಗೂ ನಮಸ್ಕಾರ. ಭಾವ, ನಿಮ್ಮ ಮೆಸೇಜ್ ಈಗ ಕೇಳಿದೆ. ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುತ್ತಾ ಇದ್ದೇನೆ, ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಕೇಳಿ. ಲಂಡನ್‌ವರೆಗೆ ಹೋಗಿ ಅಷ್ಟು ಚಿಕ್ಕ ಫ್ಲಾರೆನ್ಸ್ ನೈಟಿಂಗೇಲ್ ಮ್ಯೂಸಿಯಂ ಯಾಕೆ, ಮಕ್ಕಳಿಗೆ ದೊಡ್ಡದು ಯಾವುದಾದರೂ ತೋರಿಸೋಣ ಅಂದಿದ್ದೀರಿ. ದೊಡ್ಡಮ್ಮ ಬೇರೆ, "ನನ್ನ ಮಂಡಿ ನೋವು, ನೀವೆಲ್ಲ ಹೋಗಿಬನ್ನಿ" ಅಂತಾರೆ. ದೊಡ್ಡಮ್ಮ, ನೀವು ಬರಲೇಬೇಕು. ಯಾಕೆ ಅಂತ ಹೇಳುತ್ತೇನೆ.

ಹೌದು ಭಾವ, ಚಿಕ್ಕದೇ. ನಮ್ಮ ದಾದಿ ವೃತ್ತಿಗೆ ಬುನಾದಿ ಹಾಕಿದ ನೈಟಿಂಗೇಲ್ ಅವರ ಮ್ಯೂಸಿಯಂ, ಸೇಂಟ್ ಥಾಮಸ್ ಆಸ್ಪತ್ರೆಯ ಆವರಣದಲ್ಲೇ ಇದೆ. ನಾನು ಹೋದ ವರ್ಷ ವಾರ್ಡಿನ ಗೆಳತಿಯರ ಜೊತೆ ಹೋಗಿದ್ದೆ. ಬೇಗ ನೋಡಿ ಮುಗಿಸಬಹುದು ಅಂದುಕೊಂಡಿದ್ದೆವು, ಆದರೆ ಒಂದೇ ಒಂದು ಲಾಟೀನಿನ ಮುಂದೆ ಎಷ್ಟೋ ಹೊತ್ತು ನಿಂತುಬಿಟ್ಟೆವು. ನರ್ಸಿಂಗ್ ಓದುವಾಗ ನಮ್ಮ ಕೈಗೆ ದೀಪ ಕೊಟ್ಟು ಪ್ರತಿಜ್ಞೆ ಮಾಡಿಸಿದ ದಿನ ಗೋಡೆಯ ಮೇಲಿನ ಚಿತ್ರದಲ್ಲಿ ನೈಟಿಂಗೇಲ್ ಕೈಯಲ್ಲಿ ಇದ್ದದ್ದು ಮೂತಿ ಇರುವ ಎಣ್ಣೆ ದೀಪ, ಅಲ್ವಾ? ನಿಜವಾದದ್ದು ಹಾಗಿಲ್ಲ. ಅದು ಟರ್ಕಿ ಲಾಟೀನು. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆ, ಬೇಡದಾಗ ಮಡಚಿ ಇಡಬಹುದು. ಅಷ್ಟು ಸಾದಾ ವಸ್ತು. ಅಂದ ಹಾಗೆ ಆ ಪ್ರತಿಜ್ಞೆ ಕೂಡ ಅವರು ಬರೆದದ್ದಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಬರೆದು ಅವರ ಹೆಸರಿಟ್ಟರು.

ಮಕ್ಕಳಿಗೆ ಏನಿದೆ ಅಂದ್ರೆ, ಒಂದು ಗೂಬೆ ಇದೆ! ಅದರ ಹೆಸರು ಅಥೀನಾ. 1850ರಲ್ಲಿ ಅಥೆನ್ಸ್‌ನಲ್ಲಿ ಹುಡುಗರು ಗೂಬೆಮರಿಯೊಂದನ್ನು ಪೀಡಿಸುತ್ತಿದ್ದರು. ನೈಟಿಂಗೇಲ್ ಅದನ್ನು ಬಿಡಿಸಿಕೊಂಡು ತಂದು ಸಾಕಿದರು, ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ಅವರು ಕ್ರಿಮಿಯಾ ಯುದ್ಧಕ್ಕೆ ಹೊರಡುವ ಗಡಿಬಿಡಿಯಲ್ಲಿ ಅದು ಸತ್ತುಹೋಯಿತು. ಕೆಡದ ಹಾಗೆ ಹದಮಾಡಿ ಇಟ್ಟಿದ್ದಾರೆ, ಈಗಲೂ ಅಲ್ಲೇ ಕೂತಿದೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. 1854ರ ನವೆಂಬರ್‌ನಲ್ಲಿ 38 ದಾದಿಯರ ಜೊತೆ ಅವರು ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೈನ್ಯದ ಆಸ್ಪತ್ರೆಗೆ ಹೋದರು. ಅವರು ಹೋದ ಕೂಡಲೇ ಸಾವು ನಿಂತಿತು ಅಂತ ನಮಗೆ ಹೇಳಿಕೊಟ್ಟಿದ್ದಾರೆ. ನಿಲ್ಲಲಿಲ್ಲ ಭಾವ. ಆ ಚಳಿಗಾಲದಲ್ಲಿ ಸೈನಿಕರು ಇನ್ನೂ ಜಾಸ್ತಿ ಸತ್ತರು. ಗುಂಡೇಟಿನಿಂದ ಅಲ್ಲ, ವಾಂತಿಭೇದಿ, ಟೈಫಸ್ ಜ್ವರ, ರಕ್ತಭೇದಿಯಿಂದ. ಕಟ್ಟಡದ ಕೆಳಗೇ ಚರಂಡಿ ಕಟ್ಟಿಕೊಂಡು ಗಬ್ಬು ನಾರುತ್ತಿತ್ತು. 1855ರ ಮಾರ್ಚ್‌ನಲ್ಲಿ ಸರ್ಕಾರ ಕಳಿಸಿದ ತಂಡ ಬಂದು ಚರಂಡಿ ತೊಳೆಸಿ, ಗಾಳಿ ಆಡುವ ಹಾಗೆ ಮಾಡಿದ ಮೇಲೆ ಸಾವು ಸರಸರನೆ ಇಳಿಯಿತು. ಊರಿಗೆ ಮರಳಿದ ಮೇಲೆ ನೈಟಿಂಗೇಲ್ ಲೆಕ್ಕ ಹಾಕಲು ಕೂತರು. ಪ್ರತಿ ತಿಂಗಳಿಗೂ ಒಂದೊಂದು ಹೋಳು ಇರುವ ಗುಂಡನೆಯ ಚಿತ್ರ ಬರೆಸಿ 1858ರಲ್ಲಿ ಅಚ್ಚು ಹಾಕಿಸಿದರು. ನೀಲಿ ಅಂದರೆ ತಡೆಯಬಹುದಾಗಿದ್ದ ಕಾಯಿಲೆಯಿಂದ ಸತ್ತವರು, ಕೆಂಪು ಅಂದರೆ ಗಾಯದಿಂದ ಸತ್ತವರು. ಆ ನೀಲಿ ಎಷ್ಟು ದೊಡ್ಡದಿದೆ ಗೊತ್ತಾ! ಚಿತ್ರವನ್ನು ಗ್ರೂಪಿಗೆ ಹಾಕುತ್ತೇನೆ, ಮಕ್ಕಳಿಗೆ ಮೊದಲೇ ತೋರಿಸಿ. ತಾನು ಇದ್ದ ಆಸ್ಪತ್ರೆಯಲ್ಲೇ ಅಷ್ಟು ಜನ ಸುಮ್ನೆ ಸತ್ತರು ಅನ್ನುವುದನ್ನು ಮುಚ್ಚಿಡದೆ ಎಣಿಸಿ ತೋರಿಸಿದರಲ್ಲ, ನನಗೆ ದೀಪಕ್ಕಿಂತ ಅದೇ ದೊಡ್ಡದು.

ಇಲ್ಲೇ ದೊಡ್ಡಮ್ಮ ಬೇಕು. ನೈಟಿಂಗೇಲ್ ಅವರ 1859ರ ಪುಸ್ತಕದಲ್ಲಿ ದಾದಿಗೆ ಹೇಳುವ ಮೊದಲ ಮಾತೇ ಗಾಳಿಯದ್ದು: ರೋಗಿ ಉಸಿರಾಡುವ ಗಾಳಿ ಹೊರಗಿನಷ್ಟೇ ಶುದ್ಧ ಇರಬೇಕು, ಆದರೆ ಅವನಿಗೆ ಚಳಿ ಆಗಬಾರದು. ಸದ್ದಿನ ಬಗ್ಗೆ ಒಂದು ಇಡೀ ಅಧ್ಯಾಯ ಇದೆ. ರೋಗಿಯ ಹತ್ತಿರ ಪಿಸುಗುಟ್ಟುವುದು ಕ್ರೂರ ಅಂತ ಬರೆದಿದ್ದಾರೆ, ಏನು ಹೇಳುತ್ತಿದ್ದಾರೋ ಅಂತ ಅವನು ಕಿವಿ ಕೊಟ್ಟು ಒದ್ದಾಡುತ್ತಾನೆ. ಓದುತ್ತಾ ನನಗೆ ದೊಡ್ಡಮ್ಮನ ದನಿಯೇ ಕೇಳಿಸಿತು. ಅಜ್ಜ ಮಲಗಿದ್ದಾಗ ನಾವೆಲ್ಲ ಬಾಗಿಲ ಹತ್ತಿರ ಗುಸುಗುಸು ಮಾಡುತ್ತಿದ್ದರೆ, "ಹೇಳೋದಿದ್ದರೆ ಅವರ ಮುಂದೆ ಹೇಳಿ, ಇಲ್ಲದಿದ್ದರೆ ಆಚೆ ಹೋಗಿ" ಅಂದವರು ಅವರು. ಬೆಳಗ್ಗೆ ಮೊದಲು ಕಿಟಕಿ ತೆರೆದು, ಅಜ್ಜನ ಹೊದಿಕೆ ಸರಿಮಾಡಿ, ಆಮೇಲೆ ಬೇರೆ ಮಾತು. 31 ವರ್ಷ ವಾರ್ಡಿನಲ್ಲಿ ದುಡಿದವರು ನಮ್ಮ ಮನೆಯಲ್ಲೇ ಇರುವಾಗ, ಮಕ್ಕಳು ಅದನ್ನು ಬರೀ ಗಾಜಿನ ಪೆಟ್ಟಿಗೆಯ ಪಕ್ಕದ ಬೋರ್ಡ್ ಓದಿ ತಿಳಿಯಬೇಕಾ?

ಹೊರಗೆ ಬಂದ ಮೇಲೆ ಆಸ್ಪತ್ರೆಯ ತೋಟದಲ್ಲಿ ಮೇರಿ ಸೀಕೋಲ್ ಪ್ರತಿಮೆ ನೋಡೋಣ. ಜಮೈಕಾದವರು. ಅದೇ ಯುದ್ಧಕ್ಕೆ ದಾದಿಯಾಗಿ ಹೋಗುತ್ತೇನೆ ಅಂದಾಗ ಅವರನ್ನು ಸೇರಿಸಿಕೊಳ್ಳಲಿಲ್ಲ. ಸ್ವಂತ ಖರ್ಚಿನಲ್ಲಿ ಹೋಗಿ ಸೈನಿಕರಿಗೆ ಊಟ, ಔಷಧ ಕೊಟ್ಟರು. ಪ್ರತಿಮೆ ನಿಂತದ್ದು 2016ರಲ್ಲಿ. ಅಷ್ಟು ತಡವಾಯಿತು ಅನ್ನುವುದು ನನಗೆ ಈಗಲೂ ಸಂಕಟ.

ದೊಡ್ಡಮ್ಮ, ವೆಸ್ಟ್‌ಮಿನ್‌ಸ್ಟರ್ ಸ್ಟೇಷನ್‌ನಲ್ಲಿ ಲಿಫ್ಟ್ ಇದೆ. ಸೇತುವೆ ದಾಟಿದರೆ ಆಸ್ಪತ್ರೆ, ನಿಧಾನಕ್ಕೆ ನಡೆಯೋಣ, ಯಾರಿಗೂ ಅವಸರ ಇಲ್ಲ. ನಿಮ್ಮ ಟಿಕೆಟ್ ನಾನು ತೆಗೆದುಕೊಳ್ಳುತ್ತೇನೆ. ನಿಮ್ಮ ಟ್ರೇನಿಂಗಿನ ಕಪ್ಪು ಬಿಳುಪು ಫೋಟೋ ಇದೆಯಲ್ಲ, ದೀಪ ಹಿಡಿದು ಸಾಲಾಗಿ ನಿಂತಿರುವುದು, ಅದನ್ನೂ ತನ್ನಿ. ಭಾವ, ಎಷ್ಟು ಜನ ಅಂತ ಗುರುವಾರದೊಳಗೆ ಹೇಳಿ. ಬಸ್ ಬಂತು, ಇಡುತ್ತೇನೆ.